ಕ್ಲಿಯರಿಂಗ್‌ನಲ್ಲಿ ನರ್ಸಿಂಗ್ ಸೀಟು ತಗೊಂಡಿದ್ದು: ನನ್ನ ಅನುಭವ

2025ರ ಆಗಸ್ಟ್ 7ಕ್ಕೆ, ಯೂಕೆ ಯೂನಿವರ್ಸಿಟಿಗಳಲ್ಲಿ ಮಿಕ್ಕಿರೋ ಸೀಟು ತುಂಬೋ ಕ್ಲಿಯರಿಂಗ್ ಅನ್ನೋ ವ್ಯವಸ್ಥೇಲಿ, ನಂಗೆ ಸೀಟು ಸಿಕ್ತು. ಅಡಲ್ಟ್ ನರ್ಸಿಂಗ್ (ದೊಡ್ಡವ್ರ ಆರೈಕೆಯ ಡಿಗ್ರಿ), ರೆಡಿಂಗ್‌ನಲ್ಲಿರೋ ನಮ್ಮನೆಯಿಂದ ಟ್ರೈನಲ್ಲಿ ಮುಕ್ಕಾಲು ಗಂಟೆ. ನಮ್ಮ ಪಿಯುಸಿ ಥರದ ಎ ಲೆವೆಲ್ ರಿಸಲ್ಟ್ ಬರೋಕೆ ಇನ್ನೂ ಒಂದು ವಾರ ಇತ್ತು. ವಯಸ್ಸು 36, ಹಾಸನದಲ್ಲಿ ಯಾವಾಗ್ಲೋ ಮಾಡಿದ ಬಿಕಾಂ, ಎರಡು ಮಕ್ಕಳು, ಇಷ್ಟೆಲ್ಲ ಇಟ್ಕೊಂಡು ಕ್ಲಿಯರಿಂಗ್‌ಗೆ ಹೋಗ್ತೀನಿ ಅಂದಾಗ ನಮ್ಮ ಕನ್ನಡದವ್ರ ಬಳಗದಲ್ಲಿ ಒಬ್ರೂ ಸರಿ ಅನ್ಲಿಲ್ಲ. ಯಾರೂ ಬೇಡ ಅಂದ ಕೋರ್ಸ್‌ಗಳೇ ಅಲ್ಲಿರೋದು, ನರ್ಸಿಂಗ್ ಎಲ್ಲಿ ಸಿಗುತ್ತೆ ಅಂತ ಒಬ್ರು. ಸಿಕ್ಕಿದ್ರೂ ಎರಡನೇ ಡಿಗ್ರಿ ಅಂತ ಲೋನ್ ಕೊಡಲ್ಲ ಅಂತ ಇನ್ನೊಬ್ರು. ನಮ್ಮಮ್ಮ ಅಂತೂ ಫೋನಲ್ಲಿ "ಮಕ್ಕಳು ಓದೋ ವಯಸ್ಸಲ್ಲಿ ನೀನು ಓದ್ತೀಯೇನೇ" ಅಂದ್ರು. ಅದಕ್ಕೇ ಕೂತು ಬರೀತಿದೀನಿ. ಯೂಕಾಸ್ ಹಬ್ (ಯೂನಿವರ್ಸಿಟಿಗಳಿಗೆ ಅರ್ಜಿ ಹಾಕೋ ವೆಬ್‌ಸೈಟ್), ಪರ್ಸನಲ್ ಸ್ಟೇಟ್‌ಮೆಂಟ್ ಎಲ್ಲ ನಿಮಗೆ ಗೊತ್ತಿರುತ್ತೆ, ಅದನ್ನ ಮತ್ತೆ ಹೇಳಲ್ಲ.

ಮೊದಲು ಸೋತಿದ್ದು ಹೇಳ್ಬಿಡ್ತೀನಿ. 2024ರಲ್ಲಿ ಬಿಕಾಂ ಇದೆಯಲ್ಲ ಅನ್ನೋ ಧೈರ್ಯದ ಮೇಲೆ ನೇರವಾಗಿ ಹಾಕ್ದೆ, ನಮ್ಮ ಡಿಗ್ರಿ ಇಲ್ಲಿ ಯಾವುದಕ್ಕೆ ಸಮ ಅಂತ ಹೇಳೋ ಎನಿಕ್ ಸ್ಟೇಟ್‌ಮೆಂಟ್‌ಗೆ ಸುಮಾರು 60 ಪೌಂಡ್ ಕೊಟ್ಟೆ, ಐದಕ್ಕೆ ಐದೂ ಇಂಟರ್‌ವ್ಯೂ ಇಲ್ದೇನೇ ರಿಜೆಕ್ಟ್. ಆಗಸ್ಟಲ್ಲಿ ರಿಸಲ್ಟ್ ದಿನ ಬೆಳಿಗ್ಗೆ 8ಕ್ಕೇ ಫೋನ್ ಹಿಡ್ಕೊಂಡು ಕೂತೆ, ಹನ್ನೊಂದೋ ಹನ್ನೆರಡೋ ಕಡೆ ಮಾಡಿರಬೇಕು, ಎಲ್ರೂ ಕೇಳಿದ್ದು ಒಂದೇ, ಇತ್ತೀಚೆಗೆ ಏನು ಓದಿದೀರಾ ಅಂತ. ಉತ್ತರ ಇರ್ಲಿಲ್ಲ. ಆ ಸೆಪ್ಟೆಂಬರ್‌ಗೇ ದೊಡ್ಡವ್ರನ್ನ ಡಿಗ್ರಿಗೆ ತಯಾರು ಮಾಡೋ ಆಕ್ಸೆಸ್ ಡಿಪ್ಲೊಮಾ ಸೇರ್ಕೊಂಡೆ. ಫೀಸು ಮೂರು ಸಾವಿರ ಚಿಲ್ರೆ ಅಡ್ವಾನ್ಸ್ಡ್ ಲರ್ನರ್ ಲೋನ್, ಆದ್ರೆ ಆಮೇಲೆ ಡಿಗ್ರಿ ಮುಗಿಸಿದ್ರೆ ಆ ಲೋನಿನ ಬಾಕಿ ಮನ್ನಾ. ಇದು ಗೊತ್ತಿಲ್ದೆ ಎಷ್ಟೋ ಜನ ಆಕ್ಸೆಸ್ ಅಂದ್ರೆ ದುಡ್ಡು ದಂಡ ಅಂತಾರೆ.

ಎರಡನೇ ಸಲ ಒಂದೇ ಒಂದು ಕಂಡಿಷನಲ್ ಆಫರ್ ಬಂತು, ಆಕ್ಸೆಸ್‌ನ 45 ಕ್ರೆಡಿಟ್‌ನಲ್ಲಿ 24 ಡಿಸ್ಟಿಂಕ್ಷನ್ ಬೇಕಿತ್ತು. ನಂದು 21 ಬಂತು. ಒಂದು ಬಯಾಲಜಿ ಯೂನಿಟ್ ಮೆರಿಟ್‌ಗೆ ಇಳೀತು, ಅಷ್ಟಕ್ಕೇ ಕೈ ತಪ್ಪೋದು. ಅದ್ರ ಜೊತೆ, ದೊಡ್ಡವ್ರು ಎಸ್ಸೆಸ್ಸೆಲ್ಸಿ ಮಟ್ಟಕ್ಕೆ ಕಟ್ಟೋ ಫಂಕ್ಷನಲ್ ಸ್ಕಿಲ್ಸ್ ಇಂಗ್ಲಿಷ್ ಲೆವೆಲ್ 2ರಲ್ಲಿ ರೈಟಿಂಗ್ ಪೇಪರ್ ಹೋಯ್ತು. ಇಂಗ್ಲಿಷ್ ಮೀಡಿಯಮ್ ಬಿಕಾಂ ಮಾಡಿದವಳು ನಾನು, ಫುಲ್‌ಸ್ಟಾಪ್ ಕಾಮಾಗಳಿಗೆ ಅಷ್ಟು ಮಾರ್ಕ್ಸ್ ಅಂತ ಗೊತ್ತಿರ್ಲಿಲ್ಲ, ರಾತ್ರಿ ಮಕ್ಕಳು ಮಲಗಿದ್ಮೇಲೆ ಬಚ್ಚಲಲ್ಲಿ ನೀರು ಬಿಟ್ಕೊಂಡು ಅತ್ತೆ. ಪ್ರೈವೇಟಾಗಿ ಆನ್‌ಲೈನ್ ಮತ್ತೆ ಕಟ್ಟಿದ್ದಕ್ಕೆ ನೂರೈವತ್ತರ ಹತ್ರ ಹೋಯ್ತು. ಮ್ಯಾಥ್ಸ್ ಮಾತ್ರ ಕಾಲೇಜಿನ ಸಂಜೆ ಕ್ಲಾಸಲ್ಲಿ ಫ್ರೀಯಾಗಿ ಮುಗ್ಸಿದ್ದೆ, ಜಿಸಿಎಸ್‌ಇ (ಇಲ್ಲಿಯ ಎಸ್ಸೆಸ್ಸೆಲ್ಸಿ) ಇಲ್ದಿರೋ ದೊಡ್ಡವ್ರಿಗೆ ಇಂಗ್ಲೆಂಡಲ್ಲಿ ಅದು ಉಚಿತ.

ಈಗ ನಿಜವಾದ ತೊಂದರೆ. ಡಿಸ್ಟಿಂಕ್ಷನ್ ಕಮ್ಮಿ ಆಯ್ತು, ಸರಿ, ಆದ್ರೆ ಆ ಯೂನಿವರ್ಸಿಟಿ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ, ಒಂಬತ್ತು ದಿನ. ಅವ್ರು ಬಿಡೋವರ್ಗೂ ಹಬ್‌ನಲ್ಲಿ ಕ್ಲಿಯರಿಂಗ್ ನಂಬರ್ ಬರಲ್ಲ, ನಂಬರ್ ಇಲ್ದೆ ಬೇರೆ ಕಡೆ ಮಾತು ಮುಂದೆ ಹೋಗಲ್ಲ. ಎರಡು ದಿನ ಸುಮ್ನೆ ಕಾದು ಆಮೇಲೆ ದಿನಾ ಒಂದು ಮೇಲ್, ದಿನಾ ಒಂದು ಫೋನ್, "ಸೀಟು ಕೊಡಿ, ಇಲ್ಲಾಂದ್ರೆ ಇವತ್ತೇ ರಿಲೀಸ್ ಮಾಡಿ" ಅಂತ. ಜುಲೈ 23ಕ್ಕೆ ಬಿಟ್ರು. ಒಂಬತ್ತು ದಿನ ಅನ್ನೋದು ಕ್ಲಿಯರಿಂಗಲ್ಲಿ ತುಂಬ ದೊಡ್ಡದು, ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಕೋಪ ಬರುತ್ತೆ.

ಕ್ಲಿಯರಿಂಗ್ ಜುಲೈ ಮೊದಲ ವಾರದಲ್ಲೇ ಶುರುವಾಗುತ್ತೆ, ಆದ್ರೂ ನಮ್ಮವ್ರೆಲ್ಲ ಅದು ರಿಸಲ್ಟ್ ದಿನದ ಸಂತೆ ಅಂತ್ಲೇ ತಿಳ್ಕೊಂಡಿದಾರೆ. ಆಕ್ಸೆಸ್ ಮಾಡಿದವ್ರಿಗೆ ಮಾರ್ಕ್ಸ್ ಜುಲೈಲೇ ಕೈಗೆ ಬರುತ್ತೆ, ನರ್ಸಿಂಗ್‌ಗೆ ಇಂಟರ್‌ವ್ಯೂ ಬೇರೆ ಇರುತ್ತೆ, ರಿಸಲ್ಟ್ ದಿನ ಹದಿನೆಂಟು ವರ್ಷದ ಮಕ್ಕಳ ಜೊತೆ ಕ್ಯೂ ನಿಲ್ಲೋದು ಯಾಕೆ? ಜುಲೈ ಕೊನೇಲಿ ಫೋನ್ ಮಾಡಿದ್ರೆ ಎರಡು ರಿಂಗಿಗೆ ಎತ್ತುತಾರೆ, ಅಡ್ಮಿಷನ್ಸ್‌ನವ್ರು ಸಮಾಧಾನವಾಗಿ ಮಾತಾಡ್ತಾರೆ. ನನ್ನ ಇಡೀ ಪ್ಲಾನ್ ಇದೇ, ಇದಕ್ಕೇ ಎಲ್ರೂ ತಲೆ ಅಲ್ಲಾಡ್ಸಿದ್ದು.

ಮಗನ ಹಳೇ ನೋಟ್‌ಬುಕ್ಕಲ್ಲಿ ಗೆರೆ ಎಳ್ಕೊಂಡೆ, ಯೂನಿವರ್ಸಿಟಿ, ಫೋನ್ ಎತ್ತಿದವ್ರ ಹೆಸರು, ಟೈಮು, ಏನಂದ್ರು. ಅಡುಗೆಮನೆ ಕಟ್ಟೆ ಮೇಲೆ ದೋಸೆ ಹಿಟ್ಟಿನ ಡಬ್ಬಕ್ಕೆ ಫೋನ್ ಒರಗಿಸಿ ಸ್ಪೀಕರ್ ಹಾಕಿ ಮಾಡ್ತಿದ್ದೆ. ನಮ್ಮ ಮನೆಯವ್ರು ನಾನೇ ಮಾತಾಡ್ಲಾ ಅಂದ್ರು, ಬೇಡ ಅಂದೆ, ಓದೋರೇ ಮಾತಾಡ್ಬೇಕು, ಅವ್ರಿಗೆ ಬೇಕಿರೋದು ಆ ದನಿ. ಮೊದಲ ನಾಕು ಕಾಲ್ ಹಾಳು ಮಾಡ್ದೆ, ಮದುವೆ, ಮಕ್ಕಳು, ವೀಸಾ ಅಂತ ಕಥೆ ಹೇಳ್ತಾ ಹೋದೆ. ಐದನೇದ್ರಿಂದ ಮೊದಲ ಉಸಿರಲ್ಲೇ ಆಕ್ಸೆಸ್ ಕ್ರೆಡಿಟ್, ಮ್ಯಾಥ್ಸ್, ಇಂಗ್ಲಿಷ್, ಕೇರ್ ಹೋಮ್ ಕೆಲಸ ಇಷ್ಟು ಹೇಳಿ ನಿಲ್ಲಿಸ್ತಿದ್ದೆ. ಆಮೇಲೆ ಕೇಳೋ ಒಂದು ಪ್ರಶ್ನೆ ಇದೆ, ಅದನ್ನ ಕೇಳಿದ್ಮೇಲೇ ಅವ್ರು ಕೋರ್ಸ್ ಟೀಮಿಗೆ ಕನೆಕ್ಟ್ ಮಾಡೋದು. ಅದನ್ನ ಇಲ್ಲಿ ಬರಿಯಲ್ಲ, ಎಲ್ರೂ ಕೇಳೋಕೆ ಶುರು ಮಾಡಿದ್ರೆ ಅದರ ಬೆಲೆ ಹೋಗುತ್ತೆ.

ಮಧ್ಯದಲ್ಲಿ ನೋಡೋಣ ಅಂತ ಬೇರೆ ಪ್ರಯೋಗಾನೂ ಮಾಡ್ದೆ. ಎಂಟು ಕಡೆ ಮೇಲ್, ಆರು ಕಡೆ ಚಾಟ್, ಹತ್ತೊಂಬತ್ತು ಕಡೆ ಫೋನ್. ಮೇಲಿಗೆ ಎರಡೇ ಉತ್ತರ, ಚಾಟಲ್ಲಿ ಲಿಂಕ್ ಕಳ್ಸಿ ಕೈ ತೊಳ್ಕೋತಾರೆ, ಫೋನಲ್ಲೇ ಕೆಲಸ ಆಗೋದು. ಯೂಕಾಸ್ ಸರ್ಚಲ್ಲಿ ಹೆಸರೇ ಇಲ್ದಿದ್ದ ನಾಕು ಕಡೆನೂ ಮಾಡಿ ನೋಡ್ದೆ, ಒಂದು ಕಡೆ ಬೆಳಿಗ್ಗೆ ತಾನೇ ಯಾರೋ ಸೀಟು ಬಿಟ್ಟಿದ್ರು. ಅಡಲ್ಟ್ ಫುಲ್ ಅಂದ ಕಡೆ ಲರ್ನಿಂಗ್ ಡಿಸೆಬಿಲಿಟಿ ನರ್ಸಿಂಗ್ (ಬೌದ್ಧಿಕ ತೊಂದರೆ ಇರೋರ ಆರೈಕೆ) ಇದ್ಯಾ ಅಂತ ಕೇಳಿದೀನಿ, ಮೂರು ಕಡೆ ತಕ್ಷಣ ಇಂಟರ್‌ವ್ಯೂ ಕೊಡ್ತೀವಿ ಅಂದ್ರು. ಮನಸ್ಸಿರೋರು ಅದನ್ನ ಖಂಡಿತ ನೋಡಿ, ನಾನೂ ಒಂದು ರಾತ್ರಿ ಪೂರ್ತಿ ಯೋಚ್ನೆ ಮಾಡಿದ್ದೆ.

ಇಂಟರ್‌ವ್ಯೂ ಆಗಸ್ಟ್ 5ಕ್ಕೆ, ಟೀಮ್ಸ್ ವಿಡಿಯೋ ಕಾಲಲ್ಲಿ. ನರ್ಸಿಂಗ್‌ನ ಆರು ಮೌಲ್ಯಗಳನ್ನ, ಅಂದ್ರೆ ಸಿಕ್ಸ್ ಸೀಸ್, ಎಲ್ರೂ ಬಾಯಿಪಾಠ ಮಾಡಿರ್ತಾರೆ, ಅದು ಸಾಲಲ್ಲ. ನಾನು ವೀಕೆಂಡ್ ಕೇರ್ ಹೋಮಲ್ಲಿ ಗಂಟೆಗೆ 12.21 ಪೌಂಡಿಗೆ ಕೆಲಸ ಮಾಡ್ತಿದ್ದೆ, ಅಲ್ಲಿದ್ದ ಒಬ್ರು ಅಜ್ಜಿ ವಿಷಯ ಹೇಳ್ದೆ. ನುಂಗೋದು ಕಷ್ಟ ಅಂತ ಸ್ಪೀಚ್ ಥೆರಪಿಸ್ಟ್ ಲೆವೆಲ್ 2 ಥಿಕ್ನರ್ (ಕುಡಿಯೋದನ್ನ ಗಟ್ಟಿ ಮಾಡೋ ಪೌಡರ್) ಬರೆದಿದ್ರು, ಅಜ್ಜಿ ಆ ಟೀ ಮುಟ್ತಿರ್ಲಿಲ್ಲ, ಕಪ್ಪು ತಳ್ಳಿಬಿಡೋರು. ಪೌಡರ್ ಕಮ್ಮಿ ಹಾಕು, ಕುಡೀತಾರೆ ಅಂತ ಒಬ್ರು ನಂಗೆ ಹೇಳಿದ್ರು, ನಾನು ಹಾಕ್ಲಿಲ್ಲ, ಶ್ವಾಸಕೋಶಕ್ಕೆ ಹೋದ್ರೆ ಏನ್ಮಾಡೋದು? ನೋಡಿದ್ರೆ ಪೌಡರ್ ಗಂಟು ಗಂಟಾಗಿ ನಿಂತಿತ್ತು, ಬಾಯಿಗೆ ಸಿಕ್ಕಿದ್ದಕ್ಕೆ ಬೇಡ ಅಂತಿದ್ರು. ಅಳತೆ ಅಷ್ಟೇ ಇಟ್ಟು, ಸ್ವಲ್ಪ ಸ್ವಲ್ಪನೇ ಉದುರಿಸಿ, ಕೈ ಬಿಡ್ದೆ ತಿರುವಿ ಕೊಟ್ಟೆ. ಗಂಟಿಲ್ದಂಗೆ ರಾಗಿ ಮುದ್ದೆ ತಿರುವಿದ ಕೈ ಇದು. ಪೂರ್ತಿ ಕುಡಿದ್ರು. ಇದನ್ನ ಹೇಳಿದ್ಮೇಲೆ ಆ ಲೆಕ್ಚರರ್ ಪೆನ್ನು ಕೆಳಗಿಟ್ಟು, ಚಾರ್ಟಲ್ಲಿ ಏನಂತ ಬರೆದ್ರಿ ಅಂತ ಕೇಳಿದ್ರು. ಅಲ್ಲಿಗೇ ಸೀಟು ನಂದು ಅಂತ ಗೊತ್ತಾಯ್ತು.

ಬಾಯಿಮಾತಿನ ಆಫರ್ ಎರಡು ಇತ್ತು ಆಗ. ಆಫರ್ ಎಷ್ಟಾದ್ರೂ ಇಟ್ಕೋಬಹುದು, ಆದ್ರೆ ಹಬ್‌ನಲ್ಲಿ ಆಡ್ ಮಾಡೋದು ಒಂದನ್ನೇ, ಮಾಡಿದ್ಮೇಲೆ ವಾಪಸ್ ತಗೊಳೋದು ಕಷ್ಟ. ನನ್ನ ಗೆಳತಿ ಒಬ್ಬಳು ಫೋನಲ್ಲಿ ಹೂಂ ಅಂದಿದ್ದೇ ಸಾಕು ಅಂತ ಆಡ್ ಮಾಡೋದೇ ಮರೆತು ಸೀಟು ಕಳ್ಕೊಂಡ್ಲು. ನಾನು ಮೇಲ್ ಬಂದು ಹತ್ತು ನಿಮಿಷದಲ್ಲಿ ಆಡ್ ಮಾಡ್ದೆ, ಅವತ್ತೇ ಲೋನ್ ಕೊಡೋ ಸ್ಟೂಡೆಂಟ್ ಫೈನಾನ್ಸ್ ಅಕೌಂಟಲ್ಲೂ ಯೂನಿವರ್ಸಿಟಿ ಬದಲಾಯ್ಸಿದೆ. ಇಂಗ್ಲಿಷ್ ಸರ್ಟಿಫಿಕೇಟ್ ಆಗಸ್ಟ್ 19ಕ್ಕೆ ಬಂತು, ಸದ್ಯ.

ದುಡ್ಡಿನ ವಿಷಯ. ಫೀಸು 2025-26ರಲ್ಲಿ ವರ್ಷಕ್ಕೆ 9,535 ಪೌಂಡ್ ಇತ್ತು, ನಂಗೆ ಐಎಲ್‌ಆರ್ (ಇಲ್ಲೇ ಕಾಯಂ ಇರೋ ಅನುಮತಿ) ಇದೆ, ಮೂರು ವರ್ಷಕ್ಕಿಂತ ಜಾಸ್ತಿ ಇಲ್ಲೇ ಇದ್ದಿದ್ರಿಂದ ಇಲ್ಲಿಯವ್ರಿಗಿರೋ ಹೋಮ್ ಫೀಸು, ಲೋನೂ ಸಿಕ್ತು. ಎರಡನೇ ಡಿಗ್ರಿಗೆ ಸಾಮಾನ್ಯವಾಗಿ ಲೋನ್ ಇಲ್ಲ ಅನ್ನೋದು ನಿಜ, ಆದ್ರೆ ನರ್ಸಿಂಗ್‌ಗೆ ಆ ನಿಯಮದಿಂದ ವಿನಾಯಿತಿ ಇದೆ. ಒಬ್ಬ ಏಜೆಂಟ್ ವಾರಕ್ಕೆ ಎರಡೇ ದಿನ ಕ್ಲಾಸು ಅಂತ ಬಿಸಿನೆಸ್ ಕೋರ್ಸ್‌ಗೆ ಎಳೀತಿದ್ದ, ನನ್ನಂಥ ಬಿಕಾಂನವ್ರು ಅದಕ್ಕೆ ಸೇರಿದ್ರೆ ಫೀಸು ಪೂರ್ತಿ ಕೈಯಿಂದ. ಇದ್ರ ಮೇಲೆ ಎನ್‌ಎಚ್‌ಎಸ್ ಲರ್ನಿಂಗ್ ಸಪೋರ್ಟ್ ಫಂಡ್ ವರ್ಷಕ್ಕೆ 5,000, ಚಿಕ್ಕ ಮಕ್ಕಳಿರೋದ್ರಿಂದ ಇನ್ನೊಂದು 2,000, ತೀರಿಸೋ ಹಂಗಿಲ್ಲ. ಎರಡು ವರ್ಷದಲ್ಲಿ ನನ್ನ ಕೈಯಿಂದ ಹೋಗಿದ್ದು ಎಲ್ಲ ಸೇರಿ 500 ಪೌಂಡ್ ಒಳಗೇ.

ಕೊನೇಲಿ ಒಂದು ಪೆಟ್ಟು ಬಿತ್ತು, ಲಸಿಕೆ ದಾಖಲೆ. ಹಾಸನದಲ್ಲಿ ಚಿಕ್ಕವಳಿದ್ದಾಗ ಹಾಕ್ಸಿದ್ದಕ್ಕೆ ಚೀಟಿ ಎಲ್ಲಿದೆ? ಅಮ್ಮ ಬೀರು ಪೂರ್ತಿ ಹುಡುಕಿದ್ರು, ಸಿಗ್ಲಿಲ್ಲ. ಎಂಎಂಆರ್‌ಗೂ ಹೆಪಟೈಟಿಸ್ ಬಿಗೂ ರಕ್ತಪರೀಕ್ಷೆ ಮಾಡ್ಸಿ ತೋರಿಸ್ಬೇಕಾಯ್ತು, ಪ್ರೈವೇಟಲ್ಲಿ ತೊಂಬತ್ತು ಪೌಂಡ್. ಆಫರ್ ಬಂದ ದಿನವೇ ಇದನ್ನ ಶುರು ಮಾಡ್ಕೊಳಿ. ನನ್ನ ಮೊದಲ ಪ್ಲೇಸ್‌ಮೆಂಟ್ (ಕೆಲಸದ ಜಾಗದಲ್ಲೇ ತರಬೇತಿ) ಇದ್ದಿದ್ದು ಸೋಮವಾರ ಬೆಳಿಗ್ಗೆ 7ಕ್ಕೆ, ಆರೋಗ್ಯ ತಪಾಸಣೆ ಸರಿ ಇದೆ ಅನ್ನೋ ಆಕ್ಯುಪೇಷನಲ್ ಹೆಲ್ತ್ ಕ್ಲಿಯರೆನ್ಸ್ ಮೇಲ್ ಬಂದಿದ್ದು ಹಿಂದಿನ ಶುಕ್ರವಾರ ಸಂಜೆ 4 ದಾಟಿದ್ಮೇಲೆ.