ಮಟ್ಟು ಸಿಕ್ಕಿದ್ದು ಮಾತ್ರೆಯ ಲೆಕ್ಕದಲ್ಲಿ

ಹಳೆಯ ಸಂಗೀತ ನಾಟಕದ ಪುಸ್ತಕಗಳಲ್ಲಿ ಪದದ, ಅಂದರೆ ನಾಟಕದ ಹಾಡಿನ, ನೆತ್ತಿಯ ಮೇಲೆ ಒಂದೇ ಸಾಲು: ಇಂಥ ರಾಗ, ಇಂಥ ತಾಳ, ಇಂಥ ಹಾಡಿನ ಮಟ್ಟು (ಧಾಟಿ). ಸ್ವರ ಹಾಕಿರುವುದಿಲ್ಲ. ಆ ಮೂಲ ಹಾಡೇ ಮರೆತಿದ್ದರೆ ಪದ ಹೋದಂತೆಯೇ ಎಂದು ಬಲ್ಲ ಪೇಟಿ (ಹಾರ್ಮೋನಿಯಂ) ಮಾಸ್ತರರೂ ಕೈಚೆಲ್ಲಿಬಿಟ್ಟಿದ್ದರು. ನಮ್ಮ ನಾಟಕ ತಂಡದ ಕೈಯಲ್ಲಿದ್ದ 14 ಪದಗಳಲ್ಲಿ 11 ಈಗ ರಂಗದ ಮೇಲೆ, ಮೈಕಿಲ್ಲದೆ, ಹಿಂದಿನ ಬೆಂಚಿಗೂ ಕೇಳುತ್ತಿವೆ.

ಮೊದಲು ಕೆಟ್ಟದ್ದು ರಾಗದ ಹೆಸರು ನಂಬಿ. ಜಂಜೂಟಿ ಎಂದಿದ್ದರೆ ಜಂಜೂಟಿಯಲ್ಲೇ ಹೊಸದಾಗಿ ಕೂಡಿಸಿದೆವು. 7 ಪದ, ಎರಡು ತಿಂಗಳು, ತಾಲೀಮಿನ ಖರ್ಚು ಸುಮಾರು 18 ಸಾವಿರ, ಎಲ್ಲವೂ ನೀರುಪಾಲು. ಹೊಸ ಮಟ್ಟಿನಲ್ಲಿ ಹ್ರಸ್ವದ ಮೇಲೆ ತಾಳದ ಪೆಟ್ಟು ಬಿದ್ದಾಗ ನಟ ಅಕ್ಷರ ಎಳೆಯುತ್ತಾನೆ; ‘ಬಲೆ’ ಹೋಗಿ ‘ಬಾಲೆ’ ಆಗುತ್ತದೆ, ಅರ್ಥವೇ ತಿರುಗುತ್ತದೆ.

ಆಮೇಲೆ ಹಳೆಯ ಗ್ರಾಮಫೋನ್ ಪ್ಲೇಟುಗಳ ಹಿಂದೆ ಬಿದ್ದೆವು. ನಮ್ಮ ದೇಶದಲ್ಲಿ ಗ್ರಾಮಫೋನ್ ಮುದ್ರಣ ಶುರುವಾದದ್ದು 1902ರಲ್ಲಿ. ಮರಾಠಿ ಸಂಗೀತ ನಾಟಕಕಾರ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ ಪುಣೆಯಲ್ಲಿ ರಂಗ ಹತ್ತಿದ್ದು 1880ರಲ್ಲಿ; ಅಂದರೆ ಪ್ಲೇಟು ಬಂದದ್ದು ರಂಗದ ಹಾಡಿಗಿಂತ ಎರಡು ದಶಕ ತಡವಾಗಿ. ಪ್ಲೇಟಿನ ಮೂರು ಮೂರೂವರೆ ನಿಮಿಷಕ್ಕೆ ಹೊಂದಿಸಲು ಚರಣ ಬಿಟ್ಟು, ಲಯ ಏರಿಸಿ ಹಾಡಿದ್ದನ್ನೇ ರಂಗದ ನಡೆ ಎಂದುಕೊಂಡೆವು. ಆ ಕಾಲದ ಎಲ್ಲ ಪ್ಲೇಟೂ ನಿಮಿಷಕ್ಕೆ 78 ಸುತ್ತಿನ ವೇಗದ್ದಲ್ಲ, ಹಾಗಾಗಿ ಶ್ರುತಿಯೂ ಮೋಸ.

ಕೊನೆಗೆ ರಾಗ ಪಕ್ಕಕ್ಕಿಟ್ಟು ಸಾಹಿತ್ಯದ ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು) ಎಣಿಸಿದೆವು. ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕನ್ನಡದ ಮಟ್ಟುಗಳು ಮರಾಠಿ ರಂಗಕ್ಕೆ ಹೋದವು, ಅಲ್ಲಿಯ ಸಾಕಿ, ದಿಂಡಿ ಎಂಬ ಛಂದಸ್ಸುಗಳು ಇತ್ತ ಬಂದವು. ಸಾಲಿಗೆ 28 ಮಾತ್ರೆಯಿದ್ದು 16ಕ್ಕೆ ಉಸಿರು ನಿಂತರೆ ಅದು ಸಾಕಿಯ ನಡೆ. 19 ಇದ್ದು 9ಕ್ಕೆ ಒಡೆದರೆ ದಿಂಡಿ. ಬರೀ ಚಪ್ಪಾಳೆಯ ಮೇಲೆ ಸಾಹಿತ್ಯ ಹೇಳಿಸಿ, ಪ್ರಾಸಾಕ್ಷರ ಪ್ರತಿ ಸಾಲಿನಲ್ಲೂ ಒಂದೇ ಜಾಗಕ್ಕೆ ಬೀಳುವವರೆಗೆ ಎತ್ತುಗಡೆ, ಅಂದರೆ ಹಾಡು ಎತ್ತುವ ಜಾಗ, ಹಿಂದೆ ಮುಂದೆ ಸರಿಸುತ್ತೇವೆ. ರಾಗ ಕೂರುವುದು ಆಮೇಲೆ. ಅಷ್ಟೊತ್ತಿಗೆ ಅದು ತಾನಾಗಿಯೇ ಕೂರುತ್ತದೆ.

ನಾಟಕದ ನಡುವೆ ಬರುವ ಕಂದ ಪದ್ಯಕ್ಕೆ ಈ ಗೊಡವೆ ಇಲ್ಲ. ಅದರ ನಾಲ್ಕು ಸಾಲಿಗೆ 12, 20, 12, 20 ಮಾತ್ರೆ, ತಾಳ ಬೇಡ. ಪೇಟಿ ನಟನ ಹಿಂದೆ ಒಂದು ಸ್ವರದಷ್ಟು ತಡವಾಗಿ ನಡೆಯಬೇಕು. ಮುಂದೆ ಓಡಿದರೆ ಕಂದ ಪಾಠ ಒಪ್ಪಿಸಿದಂತಾಗುತ್ತದೆ.  

ಇಬ್ಬರು ಹಾಡುವ ಜೋಡಿ ಪದದಲ್ಲಿ ರಾಜನ ಷಡ್ಜ ಪೇಟಿಯ ಕಪ್ಪು 1ನೆಯ ಮನೆಯಲ್ಲಿದ್ದರೆ ನಾಯಕಿಗೆ ಕಪ್ಪು 3 ಕೊಡಿ. ಅವನ ಮಧ್ಯಮವೇ ಅವಳ ಷಡ್ಜ, ಪೇಟಿಯಲ್ಲಿ ಹಿಡಿದಿಟ್ಟ ಸುರ್ ಬದಲಿಸಬೇಕಿಲ್ಲ. ಮಾತಿನಿಂದ ಪದಕ್ಕೆ ಹೋಗುವಾಗ ಕೊನೆಯ ವಾಕ್ಯದ ಅಡಿಯಲ್ಲೇ ಷಡ್ಜ ಸಣ್ಣಗೆ ಹಿಡಿದಿರಬೇಕು. ಮಾತು ಮುಗಿದ ಮೇಲೆ ಶ್ರುತಿ ಕೊಟ್ಟರೆ ಪ್ರೇಕ್ಷಕರಿಗೆ ‘ಈಗ ಹಾಡು’ ಎಂದು ಸಾರಿದಂತೆ, ರಸ ಅಲ್ಲೇ ಒಡೆಯಿತು. ರಸ್ತೆಯ ಚಿತ್ರದ ಪರದೆ ಬಿಟ್ಟು ಅದರ ಹಿಂದೆ ದರ್ಬಾರಿನ ದೃಶ್ಯ ಜೋಡಿಸಲು ನಮ್ಮ ಹುಡುಗರಿಗೆ ಒಂದು ನಿಮಿಷದ ಮೇಲೆ ಬೇಕು. ಅದಕ್ಕೆ ತಾಳದ 4 ಆವರ್ತದ ಒಂದೇ ಗತ್ತು (ವಾದ್ಯದ ತುಣುಕು) ಮರಳಿ ಮರಳಿ ನುಡಿಸಿದರೆ ಸಾಕು, ಎಲ್ಲಿ ಬೇಕಾದರೂ ನಿಲ್ಲಿಸುವಂತಿರಬೇಕು. ಮುಂದಿನ ದೃಶ್ಯದ ಪದದ ರಾಗವನ್ನು ಅಲ್ಲಿ ಮುಟ್ಟಬೇಡಿ.

ನಮ್ಮ ಕಾಲ್ಪೇಟಿ (ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ) ಹಳೆಯದು, ಕೊಂಡಾಗ 30 ಸಾವಿರದ ಆಸುಪಾಸು. ರೀಡು (ಸ್ವರ ಹುಟ್ಟಿಸುವ ಲೋಹದ ಪಟ್ಟಿ), ಗಾಳಿಯೂದುವ ಬಾತೆಯ ತೊಗಲು ಸೇರಿ ಇನ್ನೊಂದು 9 ಸಾವಿರ ಆಯಿತು. ದುಡ್ಡು ಉಳಿಸಲು ಮೂಕಾದ ರೀಡನ್ನು ಸೂಜಿಯಿಂದ ಕೆರೆದು ಎರಡು ಹಾಳಾದವು. ತುದಿ ತೆಳುವಾದರೆ ಸ್ವರ ಏರುತ್ತದೆ, ಬುಡ ತೆಳುವಾದರೆ ಇಳಿಯುತ್ತದೆ. ಧೂಳಿಗೆ ತೆಳು ಕಾಗದ ರೀಡಿನ ನಾಲಗೆಯ ಕೆಳಗೆ ತೂರಿಸಿ ಎಳೆದರೆ ಸಾಕು. ಬಯಲಿನಲ್ಲಿ ಇಬ್ಬನಿಗೆ ತಬಲಾದ ಶ್ರುತಿ ಇಳಿಯುತ್ತದೆ, ಎರಡನೆಯದು ಜೊತೆಗಿರಲಿ.

ಉಳಿದ 3 ಪದಗಳಲ್ಲಿ ಯತಿ, ಅಂದರೆ ಸಾಲಿನಲ್ಲಿ ಉಸಿರು ನಿಲ್ಲುವ ಜಾಗ, ಒಂದು ಕಡೆ ನಿಲ್ಲುತ್ತಿಲ್ಲ. ಅವು ಲಾವಣಿಯ ಮಟ್ಟಿನವು ಎಂಬುದು ನನ್ನ ಅಂದಾಜು. ಲಾವಣಿಯವರ ಡಪ್ಪು ವಾದ್ಯದ ಮೇಲೆ ಒಮ್ಮೆ ಹೇಳಿಸಿ ನೋಡಬೇಕು.