ಹಸಿರು ಬಣ್ಣದ ಕೆಳಗಿದ್ದ ಅಂಕಿಗಳು

ನಾನು ಮೊದಲು ರಿಪೇರಿ ಮಾಡಿದ ಸೇನಾ ಮೇಜು ನನ್ನ ಕೈಯಲ್ಲೇ ಹಾಳಾಯಿತು. ಮುಚ್ಚಿದರೆ ಪೆಟ್ಟಿಗೆ, ಮುಂದಿನ ಹಲಗೆ ಇಳಿಸಿದರೆ ಬರೆಯುವ ಮೇಜು, ಒಳಗೆ ಕಾಗದ ಇಡುವ ಗೂಡುಗಳು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಮರ ಚೆನ್ನಾಗಿ ಕಾಣಲಿ ಅಂತ ಉಪ್ಪುಕಾಗದ ಹಿಡಿದು ಉಜ್ಜುತ್ತಾ ಹೋದೆ. ಪಕ್ಕದ ಹಲಗೆಯಲ್ಲಿ ಬಿಳಿ ಅಕ್ಷರಗಳ ಒಂದು ಸಾಲು ಕಂಡಿತು. ಕೈ ನಿಲ್ಲಿಸುವಷ್ಟರಲ್ಲಿ ಅರ್ಧ ಅಳಿಸಿತ್ತು. ಅದು ಯಾವ ಪಡೆಯ ಮೇಜು ಅಂತ ಹೇಳಲು ಇದ್ದದ್ದು ಆ ಸಾಲೊಂದೇ. ಆ ಮೇಜು ಇನ್ನೂ ನನ್ನ ಹತ್ತಿರ ಇದೆ. ಮರ ನುಣುಪಾಗಿದೆ, ಹೆಸರಿಲ್ಲ.

ಅಂದಿನಿಂದ, ಗುರುತು ಹಿಡಿಯುವ ಕೆಲಸ ಮುಗಿಯುವ ತನಕ ನಾನು ಉಪ್ಪುಕಾಗದ ಮುಟ್ಟುವುದಿಲ್ಲ.

ಈಚೆಗೆ ಕೈಗೆ ಬಂದದ್ದು ಪ್ಲೈವುಡ್ಡಿನದು. ದಪ್ಪ ಆಲಿವ್ ಹಸಿರು ಬಣ್ಣ, ಮೂಲೆಗಳಿಗೆ ಉಕ್ಕಿನ ಪಟ್ಟಿ, ಎರಡೂ ಪಕ್ಕ ಹಿಡಿ. ಮೊದಲ ಮಹಾಯುದ್ಧದ ಅಮೆರಿಕನ್ ಮೇಜು ಅಂತ ಹೇಳಿ ಕೊಟ್ಟಿದ್ದರು. ನಾನು ಮೊದಲು ನೋಡಿದ್ದು ಸ್ಕ್ರೂಗಳನ್ನು. ತಲೆಯಲ್ಲಿ ಪ್ಲಸ್ ಗೀರು. ಈ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಆ ಯುದ್ಧ 1918ಕ್ಕೇ ಮುಗಿದಿತ್ತು. ಆದರೆ ಸ್ಕ್ರೂ ಒಂದನ್ನೇ ನಂಬಬಾರದು, ಯಾರೋ ಆಮೇಲೆ ಬದಲಿಸಿರಬಹುದು ಅಲ್ವಾ? ಒಂದನ್ನು ಬಿಚ್ಚಿ ನೋಡಿದೆ. ಪಕ್ಕದಲ್ಲಿ ಹಳೆಯ ತೂತು ಇರಲಿಲ್ಲ. ಗೀರಿನ ತಳದಲ್ಲಿ ಎಲ್ಲಕ್ಕಿಂತ ಕೆಳಗಿನ ಪದರದ ಬಣ್ಣವೇ ಕೂತಿತ್ತು. ಅಂದರೆ ಸ್ಕ್ರೂ ಹುಟ್ಟಿನಿಂದ ಅಲ್ಲೇ ಇದೆ.

ಮುಚ್ಚಳದ ಮೇಲೆ ಕೊರೆಯಚ್ಚಿನಲ್ಲಿ ಒಂದು ಸಂಖ್ಯೆ ಇತ್ತು. 7110ರಿಂದ ಶುರು. ಅಮೆರಿಕದ ಸರ್ಕಾರಿ ಸರಕಿನ ಲೆಕ್ಕದಲ್ಲಿ 7110 ಅಂದರೆ ಕಚೇರಿ ಪೀಠೋಪಕರಣ. ಒಟ್ಟು 13 ಅಂಕಿ. ಈ 13 ಅಂಕಿಯ ಪದ್ಧತಿ ಬಂದದ್ದು 1974ರಲ್ಲಿ. ಅದಕ್ಕೆ ಮೊದಲು, 1950ರ ದಶಕದಿಂದ, 11 ಅಂಕಿ ಇರುತ್ತಿತ್ತು. ಹಾಗಾದರೆ ಇದು 1974ರ ನಂತರದ್ದು ಅಂತ ಬರೆದಿಡಲು ಹೊರಟೆ. ಆಗ ಬಣ್ಣ ಎದ್ದ ಕಡೆ ಕೆಳಗೆ ಇನ್ನೊಂದು ಅಂಕಿಯ ಬಾಲ ಕಂಡಿತು.

ಮೇಲಿನ ಪದರ ಸರಿಯಾಗಿ ಹಿಡಿದಿರಲಿಲ್ಲ. ಸರ್ಜರಿಯ ಬ್ಲೇಡನ್ನು ಹಲಗೆಗೆ ಮಲಗಿಸಿ, ಭೂತಗನ್ನಡಿ ಕೆಳಗೆ, ಸಾಸಿವೆ ಕಾಳಿನಷ್ಟು ಚೂರುಗಳನ್ನು ಎಬ್ಬಿಸಿದೆ. ಅಂಗೈ ಅಗಲ ಬಿಡಿಸಲು ಮೂರು ಸಂಜೆ ಹಿಡಿಯಿತು. ಕೆಳಗೆ ಅದೇ ಸಂಖ್ಯೆ ಇತ್ತು, ಮೊದಲ ನಾಲ್ಕಂಕಿ ಆದಮೇಲೆ ಬರುವ 00 ಮಾತ್ರ ಇರಲಿಲ್ಲ. ನನಗೆ ಮೈ ಜುಂ ಅಂದಿತು. 1974ರಲ್ಲಿ ಹಳೆಯ ಸರಕಿಗೆ ಹೊಸ ಸಂಖ್ಯೆ ಕೊಟ್ಟದ್ದು ಹೀಗೇ, ನಡುವೆ ಎರಡು ಸೊನ್ನೆ ಸೇರಿಸಿ. ಈ ಮೇಜು ಆ ಬದಲಾವಣೆಗೆ ಮೊದಲೇ ಸೇವೆಯಲ್ಲಿತ್ತು, ಆಮೇಲೂ ಇತ್ತು.

ಬ್ರಿಟಿಷ್ ಮೇಜುಗಳಲ್ಲಿ ಹುಡುಕಬೇಕಾದ ಗುರುತೇ ಬೇರೆ. ಸರ್ಕಾರದ ಸ್ವತ್ತಿಗೆ ಬಾಣದ ಮುದ್ರೆ ಹೊಡೆಯುತ್ತಿದ್ದರು: ಒಂದು ತುದಿಯಲ್ಲಿ ಕೂಡುವ ಮೂರು ಗೆರೆ. ಕೆಳಗೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಭಾರತ, ಸಿ ಅಕ್ಷರದೊಳಗೆ ಬಾಣ ಇದ್ದರೆ ಕೆನಡಾ. ಹಿತ್ತಾಳೆ ಮೂಲೆಯ ಚೆಂದದ ಮೇಜಿನಲ್ಲಿ ಬಾಣ ಕಾಣದಿದ್ದರೆ ನಕಲಿ ಅಂತ ತೀರ್ಮಾನಿಸಬೇಡಿ. ಅಧಿಕಾರಿಗಳು ಅವನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಅಲ್ಲಿ ತಯಾರಕರ ಅಥವಾ ಅಂಗಡಿಯ ಬಿಲ್ಲೆ ಹುಡುಕಿ. ಲಂಡನ್ನಿನ ಆರ್ಮಿ ಅಂಡ್ ನೇವಿ ಸೊಸೈಟಿಯ ಬಿಲ್ಲೆ ಇದ್ದರೆ ಮಾರಾಟವಾದದ್ದು 1871ರ ನಂತರ, ಸೊಸೈಟಿ ಶುರುವಾದದ್ದೇ ಆ ವರ್ಷ.

ರಿಪೇರಿಗೆ ಕೂರುವ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ಹೀಟ್ ಗನ್ ಹಿಡಿಯಬೇಡಿ. ನಾನು ಆ ಜಾಗವನ್ನು ಒದ್ದೆ ಮಾಡಿಕೊಂಡೇ ಕೆಲಸ ಮಾಡುತ್ತೇನೆ. ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಮಾಸ್ಕ್, ಕೈಗವಸು ಹಾಕುತ್ತೇನೆ. ಚೂರುಗಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇನೆ. ಮಕ್ಕಳಿರುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಈ ಮೇಜಿಗೆ ದೊಡ್ಡ ಗಾಯ ಆಗಿದ್ದು ತಳದಲ್ಲಿ. ನೆಲದ ತೇವಕ್ಕೆ ಪ್ಲೈವುಡ್ಡಿನ ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡಿದ್ದವು. ಮೊದಲು ನೆರಳಲ್ಲಿ ಎರಡು ವಾರ ಒಣಗಿಸಿದೆ. ಒಳಗೆ ತೇವ ಉಳಿದರೆ ಅಂಟು ಸರಿಯಾಗಿ ಕೂರುವುದಿಲ್ಲ. ಆಮೇಲೆ ತೆಳ್ಳನೆಯ ಚಾಕುವಿನಿಂದ ಪದರ ಬಿಡಿಸಿ ಹಿಡಿದು, ಸಿರಿಂಜಿನಲ್ಲಿ ಮರದ ಅಂಟು ಬಿಟ್ಟೆ. ಮೇಲೆ ಕೆಳಗೆ ಮೇಣದ ಕಾಗದ, ಅದರ ಹೊರಗೆ ನೇರವಾದ ಹಲಗೆ, ಕ್ಲ್ಯಾಂಪ್ ಹಾಕಿ ಒಂದು ದಿನ ಬಿಟ್ಟೆ. ಒಂದೇ ಸಲ ಪೂರ್ತಿ ಅಂಚು ಮುಗಿಸಲು ಹೋಗಬೇಡಿ. ನಾನು ಒಂದೊಂದು ಗೇಣು ಮಾಡಿದೆ.

ತುಕ್ಕು ಹಿಡಿದ ಸ್ಕ್ರೂ ಬಿಚ್ಚುವಾಗ ಬಲ ಹಾಕಿದರೆ ತಲೆ ಸವೆಯುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಲೆಗೆ ತಾಗಿಸಿ ಸ್ವಲ್ಪ ಹೊತ್ತು ಬಿಸಿ ಮಾಡಿ, ಆರಿದ ಮೇಲೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ. ಬಿಚ್ಚಿದ್ದನ್ನೆಲ್ಲ ಮೇಜಿನ ಚಿತ್ರ ಬರೆದ ರಟ್ಟಿಗೆ ಅದೇ ಜಾಗದಲ್ಲಿ ಚುಚ್ಚಿ ಇಡುತ್ತೇನೆ. ಯಾವುದರ ತೂತಿಗೆ ಅದೇ ವಾಪಸ್. ತೂತು ಸಡಿಲವಾಗಿದ್ದರೆ ಅಂಟು ಸವರಿದ ಬಿದಿರಿನ ಕಡ್ಡಿ ತುಂಬುತ್ತೇನೆ. ಬಿಜಾಗರಿಗಳಿಗೆ ಎಣ್ಣೆ ಮತ್ತು ಅತಿ ನಯವಾದ ಸ್ಟೀಲ್ ವುಲ್ ಸಾಕು.

ಬಣ್ಣ ಹೊಸದಾಗಿ ಹಚ್ಚಲಿಲ್ಲ. ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿದೆ, ಒಣಗಿದ ಮೇಲೆ ತೆಳುವಾಗಿ ಮೇಣ ತಿಕ್ಕಿದೆ, ಅಷ್ಟೇ. ಮುಚ್ಚಳದಲ್ಲಿ ಅರ್ಧ ಭಾಗ ಮೇಲಿನ ಸಂಖ್ಯೆ, ನಾನು ಬಿಡಿಸಿದ ಅಂಗೈ ಅಗಲದಲ್ಲಿ ಕೆಳಗಿನ ಸಂಖ್ಯೆ, ಎರಡೂ ಹಾಗೇ ಇವೆ. ಡ್ರಾಯರಿನ ತಳದಲ್ಲಿ ಯಾರೋ ಪೆನ್ಸಿಲಿನಲ್ಲಿ ಐದೈದರ ಗೆರೆ ಎಳೆದು ಏನನ್ನೋ ಎಣಿಸಿದ್ದಾರೆ. ಅಲ್ಲಿಗೆ ಮೇಣವನ್ನೂ ತಾಗಿಸಲಿಲ್ಲ.