ಪ್ರವಾಸಕ್ಕೆ ಹಗುರವಾದ ಬಿಸಿಡಿಯನ್ನು ಆರಿಸುವುದು ಹೇಗೆ?

ಸ್ಕೂಬಾ ಡೈವರ್‌ನನ್ನು ನೀರಿನೊಳಗೆ ಬೇಕಾದ ಆಳದಲ್ಲಿ ನಿಲ್ಲಿಸಿ, ಮೇಲೆ ಬಂದಾಗ ತೇಲಿಸುವ ಗಾಳಿಚೀಲದ ಅಂಗಿಯೇ ಬಿಸಿಡಿ. ಡೈವಿಂಗ್ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವ ಜಾಕೆಟ್ ಮಾದರಿಯವು ಸಾಮಾನ್ಯವಾಗಿ ಮೂರೂವರೆಯಿಂದ ಐದು ಕೆ.ಜಿ. ತೂಗುತ್ತವೆ, ಪ್ರವಾಸಕ್ಕೆಂದೇ ತಯಾರಾದವು ಎರಡರಿಂದ ಮೂರು ಕೆ.ಜಿ.ಯೊಳಗೆ ಮುಗಿಯುತ್ತವೆ. ಅಂಡಮಾನಿಗೆ ಹೊರಟವರ ಲಗೇಜಿಗೆ ಬಹುಮಟ್ಟಿಗೆ 15 ಕೆ.ಜಿ.ಯ ಮಿತಿ ಇರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕೊಳ್ಳುವಾಗ ತೂಕ ಎಷ್ಟು ಕಡಿಮೆ ಎಂಬುದಕ್ಕಿಂತ, ತಯಾರಕರು ಆ ತೂಕವನ್ನು ಯಾವ ಭಾಗದಿಂದ ಕಳೆದಿದ್ದಾರೆ ಎಂಬುದನ್ನು ಮೊದಲು ವಿಚಾರಿಸಬೇಕು.

ಅದಕ್ಕೂ ಮುನ್ನ, ಸ್ವಂತ ಬಿಸಿಡಿ ನಿಮಗೆ ಬೇಕೇ ಎಂಬುದನ್ನು ಯೋಚಿಸಿ. ವರ್ಷಕ್ಕೊಮ್ಮೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಒಂದೆರಡು ಸಲ ಮುಳುಗಿ ಬರುವವರಿಗೆ ಬಾಡಿಗೆಯದೇ ಸಾಕು. ಅವರು ಆ ಹಣವನ್ನು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್‌ಗೂ ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರಿಗೂ ಹಾಕುವುದು ಮೇಲು. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಂದು ಮತ್ತೆ ಮತ್ತೆ ಹೊರಡುವವರಿಗೆ ಮಾತ್ರ ಪ್ರತಿ ಊರಿನಲ್ಲೂ ಬೇರೆ ಬೇರೆ ಬಕಲ್, ಬೇರೆ ಬೇರೆ ವಾಲ್ವ್‌ಗಳಿಗೆ ಹೊಂದಿಕೊಳ್ಳುವ ತೊಂದರೆ ತಪ್ಪುತ್ತದೆ.

ಬೆನ್ನಿನ ಗಟ್ಟಿ ಪ್ಲಾಸ್ಟಿಕ್ ಹಲಗೆ, ದಪ್ಪ ಸ್ಪಂಜು, ದೊಡ್ಡ ಜೇಬುಗಳು ಇಲ್ಲದಿದ್ದರೆ ನಷ್ಟವೇನೂ ಇಲ್ಲ. ಸ್ಪಂಜು ತಾನೇ ತೇಲುವ ವಸ್ತುವಾದ್ದರಿಂದ ಅದನ್ನು ಮುಳುಗಿಸಲು ಹೆಚ್ಚಿನ ಸೀಸ ಕಟ್ಟಿಕೊಳ್ಳಬೇಕಾಗುತ್ತದೆ. ಅದು ಹೋದರೆ ಪೆಟ್ಟಿಗೆಯ ತೂಕದ ಜೊತೆಗೆ ಸೊಂಟದ ಭಾರವೂ ಇಳಿಯುತ್ತದೆ. ಬೆನ್ನಿನ ಭಾಗ ಮೆತ್ತಗಿರುವ ಮಾದರಿಗಳನ್ನು ಸುರುಳಿ ಸುತ್ತಿ ಫಿನ್‌ಗಳ ಪಕ್ಕಕ್ಕೆ ತುರುಕಬಹುದು, ಆದರೆ ಅವುಗಳಲ್ಲಿ ಸಿಲಿಂಡರ್ ಸ್ವಲ್ಪ ಅತ್ತಿತ್ತ ಹೊರಳುತ್ತದೆ. ಆ ಹೊರಳಾಟ ಸಹಿಸಲಾಗದವರು ಬೆನ್ನಿಗೆ ಕೂರುವ ಅಲ್ಯೂಮಿನಿಯಂ ಹಲಗೆಗೆ (ಬ್ಯಾಕ್‌ಪ್ಲೇಟ್) ಸಣ್ಣ ಗಾಳಿಚೀಲ (ವಿಂಗ್) ಜೋಡಿಸಿದ ಮಾದರಿಯನ್ನು ನೋಡಬೇಕು. ನನ್ನ ಮೆಚ್ಚುಗೆಯೂ ಅದಕ್ಕೇ, ಏಕೆಂದರೆ ಹರಿದದ್ದನ್ನು ಮಾತ್ರ ಬಿಚ್ಚಿ ಬದಲಿಸಬಹುದು.

ತೇಲಿಸುವ ಸಾಮರ್ಥ್ಯದಲ್ಲಿ ಮಾತ್ರ ರಾಜಿ ಸಲ್ಲದು. ಬೆಚ್ಚಗಿನ ಸಮುದ್ರಗಳಲ್ಲಿ ಹೆಚ್ಚಾಗಿ ಸಿಗುವ, ಸುಮಾರು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿದ ಗಾಳಿಯೇ ಹೆಚ್ಚುಕಡಿಮೆ 2.7 ಕೆ.ಜಿ. ತೂಗುತ್ತದೆ. ತುಂಬಿದಾಗ ಮುಳುಗುವ ಈ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ತೇಲತೊಡಗುವುದರಿಂದ, ಡೈವ್‌ನ ಕೊನೆಗೆ ಮೇಲೆದ್ದು ಹೋಗದಂತೆ ಸೀಸ ಕಟ್ಟಿಕೊಂಡವರು ಆರಂಭದಲ್ಲಿ ಅಷ್ಟೇ ಭಾರವನ್ನು ಹೆಚ್ಚಾಗಿ ಹೊತ್ತಿರುತ್ತಾರೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ನಾಲ್ಕರಷ್ಟಾಗಿ ಮೈ ಬೆಚ್ಚಗಿಡುವ 3 ಮಿ.ಮೀ. ದಪ್ಪದ ವೆಟ್‌ಸೂಟ್ ಕುಗ್ಗುತ್ತದೆ, ಹಾಗೆ ಕಳೆದುಹೋಗುವ ತೇಲುವಿಕೆಗೆ ಎರಡು ಕೆ.ಜಿ. ಸೇರಿಸಿ. ಮೇಲೆ ಬಂದು ದೋಣಿಗಾಗಿ ಕಾಯುವಾಗ ತಲೆಯನ್ನು ಅಲೆಯಿಂದ ಮೇಲಕ್ಕೆ ಹಿಡಿದಿಡಲು ಇನ್ನೂ ನಾಲ್ಕೈದು ಕೆ.ಜಿ. ಬೇಕು. ಎಲ್ಲ ಸೇರಿ ಹತ್ತರ ಆಸುಪಾಸು ಬರುವುದರಿಂದ, ಬೆಚ್ಚಗಿನ ನೀರಿನ ಡೈವಿಂಗಿಗೆ 11ರಿಂದ 13 ಕೆ.ಜಿ. ಎತ್ತುವ ಚೀಲ ಸಾಕಾಗುತ್ತದೆ. ಬ್ರಿಟನ್ನಿನಂಥ ತಣ್ಣೀರಿನ ಕಡೆ ದಪ್ಪ ಸೂಟು, ಉಕ್ಕಿನ ಸಿಲಿಂಡರ್ ಬಳಸುವವರಿಗೆ ಈ ಲೆಕ್ಕ ಹೊಂದದು. ತಯಾರಕರ ವಿವರಪಟ್ಟಿಯಲ್ಲಿ ಸಾಮರ್ಥ್ಯವನ್ನು ನ್ಯೂಟನ್‌ನಲ್ಲಿ ಕೊಟ್ಟಿದ್ದರೆ ಹತ್ತರಿಂದ ಭಾಗಿಸಿ ಕೆ.ಜಿ.ಗೆ ತನ್ನಿ. ಸಣ್ಣ ಅಳತೆಗಳಿಗೆ ಸಾಮರ್ಥ್ಯವೂ ಸಾಮಾನ್ಯವಾಗಿ ಕಡಿಮೆ ಇರುವುದರಿಂದ ನಿಮ್ಮ ಅಳತೆಯ ಅಂಕಿಯನ್ನೇ ನೋಡಿ. ಐರೋಪ್ಯ ಮಾನದಂಡವಾದ ಇಎನ್ 1809ರ ಗುರುತು ಇದ್ದರೆ ಒಳ್ಳೆಯದು.

ಗಾಳಿ ಬಿಡುವ ವಾಲ್ವ್‌ಗಳು ಭುಜದ ಹತ್ತಿರ ಒಂದು, ಹಿಂದೆ ಕೆಳಭಾಗದಲ್ಲಿ ಒಂದಾದರೂ ಇರಲೇಬೇಕು, ಏಕೆಂದರೆ ತಲೆ ಕೆಳಗಾಗಿರುವಾಗ ಗಾಳಿ ಸೇರುವುದು ಹಿಂಬದಿಗೆ. ಸಿಲಿಂಡರನ್ನು ಹಿಡಿಯುವ ಪಟ್ಟಿ ಅನೇಕ ಹಗುರ ಮಾದರಿಗಳಲ್ಲಿ ಒಂದೇ ಇರುತ್ತದೆ. ಒಣ ನೈಲಾನ್ ಪಟ್ಟಿಯನ್ನು ದೋಣಿಯ ಮೇಲೆ ಎಷ್ಟೇ ಬಿಗಿದರೂ ಅದು ನೀರು ಕುಡಿದ ಮೇಲೆ ಹಿಗ್ಗಿ, ಸಿಲಿಂಡರ್ ಮೆಲ್ಲನೆ ಕೆಳಜಾರಿ, ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ರೆಗ್ಯುಲೇಟರ್ ಬಾಯಿಯನ್ನು ಎಳೆಯತೊಡಗುತ್ತದೆ. ಆದ್ದರಿಂದ ಪಟ್ಟಿಯನ್ನು ಮೊದಲು ಚೆನ್ನಾಗಿ ನೆನೆಸಿ, ಬಕಲ್ ಹಾಕಿ, ಬಿಸಿಡಿಯ ಹಿಡಿಕೆಯಿಂದ ಇಡೀ ಜೋಡಣೆಯನ್ನು ಎತ್ತಿ ಕುಲುಕಿ ನೋಡಬೇಕು. ಬೆರಳಗಲ ಸರಿದರೂ ಬಿಚ್ಚಿ ಮತ್ತೆ ಬಿಗಿಯಬೇಕು. ಎರಡು ಪಟ್ಟಿಗಳ ಮಾದರಿ ಸಿಕ್ಕಿದರೆ ಅದರ ಹೆಚ್ಚುವರಿ ತೂಕಕ್ಕೆ ಹಿಂಜರಿಯುವುದು ಬೇಡ.

ಸೀಸದ ಜೇಬುಗಳಿಲ್ಲದಿದ್ದರೆ ಕೇಂದ್ರದ ಬೆಲ್ಟ್ ಕಟ್ಟಿಕೊಳ್ಳಬಹುದು. ಆದರೆ ಬಿಸಿಡಿಯ ಚೀಲಕ್ಕೆ ಗಾಳಿ ತುಂಬುವ ಇನ್‌ಫ್ಲೇಟರಿನ ಜೋಡಣೆ ಸಾಮಾನ್ಯ ಅಳತೆಯದೇ ಎಂದು ಖಚಿತಪಡಿಸಿಕೊಳ್ಳಿ: ಬದಲಿ ಉಸಿರಾಟದ ಬಾಯಿಯನ್ನೂ ಸೇರಿಸಿಕೊಂಡ ಇನ್‌ಫ್ಲೇಟರುಗಳಿಗೆ ಬೇರೆಯೇ ಹೋಸ್ ಬೇಕಾಗುವುದರಿಂದ, ಬಾಡಿಗೆ ರೆಗ್ಯುಲೇಟರಿನ ಹೋಸ್ ಅದಕ್ಕೆ ಕೂರದೆ ಹೋಗಬಹುದು.

ಅಂಗಡಿಯಲ್ಲಿ ತೊಟ್ಟು ನೋಡುವಾಗ ವೆಟ್‌ಸೂಟಿನ ಮೇಲೆಯೇ ತೊಡಿ. ಪೂರ್ತಿ ಗಾಳಿ ತುಂಬಿದಾಗ ಎದೆ ಬಿಗಿದು ಉಸಿರು ಕಟ್ಟುವಂತಿದ್ದರೆ ಅಥವಾ ಭುಜದಿಂದ ಮೇಲೆದ್ದು ಕಿವಿಯತ್ತ ಬಂದರೆ ಅಳತೆ ಸರಿಯಿಲ್ಲ. ಹಾಗೆಯೇ ತುಂಬಿಸಿ ಅರ್ಧ ಗಂಟೆ ಇಡಲು ಕೇಳಿ. ಮೆತ್ತಗಾದರೆ ಬೇರೆಯದನ್ನು ತರಿಸಿ.

ತೆಳು ಬಟ್ಟೆಗೆ ಉಪ್ಪು ಬೇಗ ಪೆಟ್ಟು ಕೊಡುತ್ತದೆ. ಕೊನೆಯ ಡೈವ್ ಮುಗಿದ ಕೂಡಲೇ ಇನ್‌ಫ್ಲೇಟರಿನ ಬಾಯಿಯಿಂದ ಸಿಹಿನೀರು ಹಾಕಿ, ಊದಿ, ಅಲುಗಾಡಿಸಿ, ಕೆಳವಾಲ್ವಿನಿಂದ ಬಸಿದು, ಅರ್ಧ ಗಾಳಿ ತುಂಬಿ ನೆರಳಿಗೆ ತೂಗುಹಾಕಿ. ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕೆಂಬುದು ರೂಢಿಯ ನಿಯಮವಾದ್ದರಿಂದ, ಹಗುರ ಬಿಸಿಡಿ ಒಣಗಲು ಅಷ್ಟು ಹೊತ್ತು ಸಾಮಾನ್ಯವಾಗಿ ಸಾಕು. ಸ್ಪಂಜಿನ ಜಾಕೆಟ್ ಆಗಿದ್ದರೆ ಕುಡಿದ ನೀರಿನ ತೂಕವನ್ನೂ ವಿಮಾನ ನಿಲ್ದಾಣದ ತಕ್ಕಡಿಗೆ ಹಾಕಬೇಕಾದೀತು.